ಅಂಬಾಸಿಡರ್ ಅಭ್ಯಾಸ ಬಿಡಿ, ಹೊಸ ಕಾರು ಬಾಳಿಸಿ

ಕಾರು ಕೊಂಡು ಎರಡು ವರ್ಷವೂ ಆಗಿಲ್ಲ. ಡೀಸೆಲ್ ಎಸ್‌ಯುವಿ. ಬೆಳಿಗ್ಗೆ ಮಗುವನ್ನು ಮೂರು ಕಿಲೋಮೀಟರ್ ದೂರದ ಶಾಲೆಗೆ ಬಿಟ್ಟು ಬರುವುದು, ಸಂಜೆ ತರಕಾರಿ, ಭಾನುವಾರ ಅತ್ತೆ ಮನೆ. ಒಂದು ದಿನ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪವೊಂದು ಹತ್ತಿಕೊಳ್ಳುತ್ತದೆ. ಒಂದಷ್ಟು ದಿನ ಯಾರೂ ಅದನ್ನು ತಲೆಗೆ ಹಚ್ಚಿಕೊಳ್ಳುವುದಿಲ್ಲ. ಆಮೇಲೊಂದು ಬೆಳಿಗ್ಗೆ ಆಕ್ಸಿಲರೇಟರ್ ಎಷ್ಟು ತುಳಿದರೂ ಗಾಡಿ ಎಳೆಯುವುದಿಲ್ಲ. ಸರ್ವಿಸ್ ಸೆಂಟರಿನವರು ಕೈಗಿಟ್ಟ ಖರ್ಚಿನ ಅಂದಾಜು ನೋಡಿ ಮನೆಯ ಹಿರಿಯರು ಹೇಳುವ ಮಾತು ಒಂದೇ: “ನಮ್ಮ ಅಂಬಾಸಿಡರ್‌ಗೆ ಈ ಕಾಟ ಎಲ್ಲಾ ಇರಲಿಲ್ಲಪ್ಪ. ಆಗಿನ ಗಾಡಿ ಅಂದ್ರೆ ಗಟ್ಟಿ.”

ಈ ಮಾತಿನಲ್ಲಿ ಅರ್ಧ ನಿಜವಿದೆ, ಅರ್ಧ ಮರೆವಿದೆ. ಹಳೆಯ ಕಾರು ಆಗಾಗ ಕೆಡುತ್ತಿತ್ತು, ಆದರೆ ರಸ್ತೆ ಬದಿಯಲ್ಲೇ ರಿಪೇರಿಯೂ ಆಗುತ್ತಿತ್ತು. ಹೊಸ ಕಾರು ಅಪರೂಪಕ್ಕೆ ಕೆಡುತ್ತದೆ. ಕೆಟ್ಟಿತೆಂದರೆ ಸಾವಿರಗಳಲ್ಲಿ ಮುಗಿಯುವುದಿಲ್ಲ. ಹಾಗೆ ಕೆಡುವುದಕ್ಕೆ ಬಹಳ ಸಲ ಕಾರಣ, ಅಪ್ಪ ಅಜ್ಜಂದಿರ ಕಾರಿಗೆ ಹೊಂದುತ್ತಿದ್ದ ಅಭ್ಯಾಸಗಳನ್ನೇ ಇದಕ್ಕೂ ಮುಂದುವರಿಸಿರುವುದು. ಆ ಅಭ್ಯಾಸ ಬದಲಾದರೆ ಈಗಿನ ಸಾಧಾರಣ ಕಾರೊಂದು ಹದಿನೈದು ವರ್ಷ, ಎರಡು ಲಕ್ಷ ಕಿಲೋಮೀಟರ್ ಎಂಜಿನ್ ಇಳಿಸದೆಯೇ ಬಾಳಬಲ್ಲದು.

ಹಳೆಯ ಗಾಡಿ ನಿಜಕ್ಕೂ ಗಟ್ಟಿಯಾಗಿತ್ತೇ?

ಪಶ್ಚಿಮ ಬಂಗಾಳದ ಉತ್ತರಪಾಡಾದಲ್ಲಿ ತಯಾರಾಗುತ್ತಿದ್ದ ಅಂಬಾಸಿಡರ್ ಇಂಗ್ಲೆಂಡಿನ ಮೋರಿಸ್ ಆಕ್ಸ್‌ಫರ್ಡ್ ಕಾರಿನ ಭಾರತೀಯ ರೂಪ. 1950ರ ದಶಕದ ಕೊನೆಯಿಂದ 2014ರವರೆಗೆ ಹೊರಮೈಯಲ್ಲಿ ಹೆಚ್ಚು ಬದಲಾಗದೆ ಬಂತು. ಪ್ರೀಮಿಯರ್ ಪದ್ಮಿನಿಯ ಮೂಲ ಇಟಲಿಯ ಫಿಯೆಟ್ 1100. ಈ ಎರಡೇ ಕಾರುಗಳು ನಮ್ಮ ರಸ್ತೆಗಳನ್ನು ಆಳುತ್ತಿದ್ದ ಹೊತ್ತಿಗೆ, 1983ರ ಡಿಸೆಂಬರಿನಲ್ಲಿ ಮಾರುತಿ 800 ಬಂತು.

ಅಂಬಾಸಿಡರ್ ಇಟ್ಟುಕೊಂಡವರ ಒಂದು ಬೆಳಗನ್ನು ನೆನಪಿಸಿಕೊಳ್ಳಿ. ಚಳಿಗಾಲವಾದರೆ ಚೋಕ್ ಎಳೆದು, ನಾಲ್ಕೈದು ಸಲ ಸೆಲ್ಫ್ ಹೊಡೆದು, ಆಮೇಲೆ ಹತ್ತು ನಿಮಿಷ ಎಂಜಿನ್ ಕಾಯಿಸುವುದು. ಮಳೆಗಾಲದಲ್ಲಿ ಡಿಸ್ಟ್ರಿಬ್ಯೂಟರ್ ಮುಚ್ಚಳದೊಳಗೆ ತೇವ ಕೂತರೆ ಅದನ್ನು ಬಿಚ್ಚಿ ಒಣಬಟ್ಟೆಯಲ್ಲಿ ಒರೆಸುವುದು. ಒಳಗೆ ‘ಪಾಯಿಂಟ್’ ಎಂಬ ಪುಟ್ಟ ಜೋಡಿ ಲೋಹದ ತುಣುಕುಗಳಿರುತ್ತಿದ್ದವು. ಅವುಗಳ ನಡುವಿನ ಸಂದು ಅರ್ಧ ಮಿಲಿಮೀಟರಿಗೂ ಕಡಿಮೆ. ಕಿಡಿ ಹಾರಿ ಹಾರಿ ಅಲ್ಲಿ ಕರಿ ಕಟ್ಟಿದಾಗ ಎಮರಿ ಕಾಗದದಲ್ಲಿ ಉಜ್ಜಿ, ಸಂದನ್ನು ಅಳೆಯಲು ಗೇಜ್ ಇಲ್ಲದಿದ್ದರೆ ಬೆಂಕಿಪೊಟ್ಟಣದ ರಟ್ಟು ತೂರಿಸಿ ನೋಡಿ ಸ್ಕ್ರೂ ಬಿಗಿಯುತ್ತಿದ್ದರು. ಬೇಸಿಗೆಯಲ್ಲಿ ಘಾಟಿ ಹತ್ತುವಾಗ ಪೆಟ್ರೋಲ್ ಪಂಪಿನೊಳಗೇ ಆವಿಯಾಗಿ ಎಂಜಿನ್ ನಿಂತುಹೋದರೆ ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು. ಡಿಕ್ಕಿಯಲ್ಲಿ ನೀರಿನ ಕ್ಯಾನು ಇಲ್ಲದೆ ಆಗುಂಬೆಯನ್ನಾಗಲಿ ಚಾರ್ಮಾಡಿಯನ್ನಾಗಲಿ ಯಾರೂ ಹತ್ತುತ್ತಿರಲಿಲ್ಲ.

ಇದನ್ನೆಲ್ಲ ಆಗ ಯಾರೂ ‘ಗಾಡಿ ಕೆಟ್ಟಿತು’ ಎಂದು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಅದು ಕಾರು ಓಡಿಸುವುದರ ಭಾಗವೇ ಆಗಿತ್ತು. ಒಂದು ಲಕ್ಷ ಕಿಲೋಮೀಟರಿನ ಆಸುಪಾಸಿಗೆ ಎಂಜಿನ್ ಇಳಿಸಿ ಬೋರ್ ಮಾಡಿಸಿ ಹೊಸ ಪಿಸ್ಟನ್, ರಿಂಗ್ ಹಾಕಿಸುವುದೂ ಹಾಗೆಯೇ, ಹೆಚ್ಚುಕಡಿಮೆ ನಿಗದಿಯಾದ ಖರ್ಚು. ಆ ಕಾಲದ ಬಹಳಷ್ಟು ಕಾರುಗಳ ಓಡೋಮೀಟರಿನಲ್ಲಿ ಇದ್ದದ್ದು ಐದೇ ಅಂಕಿ. 99,999 ಆದ ಮೇಲೆ ಮತ್ತೆ ಸೊನ್ನೆ. ತಯಾರಕರ ನಿರೀಕ್ಷೆ ಎಲ್ಲಿಗೆ ನಿಂತಿತ್ತು ಎಂಬುದಕ್ಕೆ ಅದೊಂದು ಗುರುತು.

ಮತ್ತೆ ಹಳೆಯದೇ ಗಟ್ಟಿ ಎಂಬ ಭಾವನೆ ಏಕೆ? ಇವತ್ತು ಕಣ್ಣಿಗೆ ಬೀಳುವುದು ಉಳಿದುಕೊಂಡ ಹಳೆಯ ಕಾರುಗಳು ಮಾತ್ರ. ಗುಜರಿಗೆ ಹೋದ ಲಕ್ಷಾಂತರ ಕಾರುಗಳು ಸಾಕ್ಷಿ ಹೇಳಲು ಬರುವುದಿಲ್ಲ. ಉಳಿದವೂ ತಾವಾಗಿಯೇ ಉಳಿಯಲಿಲ್ಲ. ಜಗತ್ತಿನಲ್ಲಿ ಅತಿ ಹೆಚ್ಚು ಓಡಿದ ಕಾರೆಂದು ದಾಖಲೆ ಬರೆದದ್ದು ಅಮೆರಿಕದ ಶಾಲಾ ಶಿಕ್ಷಕ ಇರ್ವ್ ಗೋರ್ಡನ್ ಅವರ 1966ರ ವೋಲ್ವೋ. 2013ರಲ್ಲಿ ಅದು 30 ಲಕ್ಷ ಮೈಲಿ, ಅಂದರೆ ಸುಮಾರು 48 ಲಕ್ಷ ಕಿಲೋಮೀಟರ್ ಮುಟ್ಟಿತು. ಎಂಜಿನ್ ಇಳಿಸಿದ್ದು ಎರಡೇ ಸಲ. ಅಷ್ಟು ದೂರ ಓಡಿಸಿದ್ದರ ಹಿಂದೆ ಇದ್ದದ್ದು ಕೈಪಿಡಿಯಲ್ಲಿ ಬರೆದ ಗಡುವನ್ನು ದಶಕಗಟ್ಟಲೆ ತಪ್ಪದೆ ಪಾಲಿಸಿದ ಮಾಲೀಕರ ಶಿಸ್ತು.

ಹೊಸ ಕಾರು ಹೆಚ್ಚು ಬಾಳುವುದು ಏಕೆ

ಮೊದಲ ಕಾರಣ ಕಾರ್ಬ್ಯುರೇಟರ್ ಹೋಗಿ ಇಂಧನ ಇಂಜೆಕ್ಷನ್ ಬಂದದ್ದು. ಚೋಕ್ ಎಳೆದಾಗ ಸಿಲಿಂಡರಿಗೆ ಬೇಕಾದ್ದಕ್ಕಿಂತ ಹೆಚ್ಚು ಪೆಟ್ರೋಲ್ ಹೋಗುತ್ತಿತ್ತು. ಹೆಚ್ಚಾದ ಪೆಟ್ರೋಲು ಒಳಗೋಡೆಗೆ ಅಂಟಿದ ಎಣ್ಣೆಯ ಪದರವನ್ನು ತೊಳೆದುಬಿಡುತ್ತಿತ್ತು. ಲೋಹಕ್ಕೆ ಲೋಹ ಉಜ್ಜಿ ಪ್ರತಿ ಬೆಳಿಗ್ಗೆ ಒಂದಿಷ್ಟು ಸವೆತ. ಈಗ ಎಷ್ಟು ಇಂಧನ ಬೇಕೆಂದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್, ಪ್ರತಿ ಕ್ಷಣ ಲೆಕ್ಕಹಾಕಿ ಅಳೆದು ಬಿಡುತ್ತದೆ. ಮಾರುತಿ 800 ಕೂಡ 2000ದ ಸುಮಾರಿಗೆ ಕಾರ್ಬ್ಯುರೇಟರ್ ಬಿಟ್ಟು ಇಂಜೆಕ್ಷನ್ನಿನ ಒಂದು ಬಗೆಯಾದ ಎಂಪಿಎಫ್‌ಐಗೆ ಬಂತು. ಎರಡೂ ಬಗೆಯದನ್ನು ಇಟ್ಟುಕೊಂಡಿದ್ದವರಿಗೆ ಬೆಳಗಿನ ಸ್ಟಾರ್ಟಿನಲ್ಲಿಯೇ ಆ ವ್ಯತ್ಯಾಸ ಗೊತ್ತಾಗುತ್ತಿತ್ತು.

ಎರಡನೆಯದು ಇಂಧನ ಮತ್ತು ಎಣ್ಣೆ. 2000ದ ಫೆಬ್ರವರಿಯಿಂದ ದೇಶದಲ್ಲೆಲ್ಲ ಸೀಸರಹಿತ ಪೆಟ್ರೋಲ್ ಬಂತು; ಸ್ಪಾರ್ಕ್ ಪ್ಲಗ್ಗಿಗೆ ಸೀಸದ ಕಿಟ್ಟ ಕಟ್ಟುವುದು ನಿಂತಿತು. ಸಿಂಥೆಟಿಕ್ ಎಣ್ಣೆ ಬಿಸಿಗೆ ಬೇಗ ಹಾಳಾಗುವುದಿಲ್ಲ. ಮೂರನೆಯದು ಬಾಡಿ. ಸತು ಲೇಪಿಸಿದ ತಗಡು ಬಳಸಿ, ಇಡೀ ಬಾಡಿಯನ್ನು ತುಕ್ಕುನಿರೋಧಕ ದ್ರಾವಣದಲ್ಲಿ ಮುಳುಗಿಸಿ ತೆಗೆಯುವ ಪದ್ಧತಿ ಬಂದ ಮೇಲೆ ಬಾಗಿಲಿನ ಕೆಳಗೆ ಕೈ ಹಾಕಿದರೆ ತಗಡು ಪುಡಿಪುಡಿಯಾಗಿ ಬರುವ ದಿನಗಳು ಹೋದವು.

ಅಮೆರಿಕದ ರಸ್ತೆಗಳಲ್ಲಿ ಓಡುವ ಕಾರುಗಳ ಸರಾಸರಿ ವಯಸ್ಸು 1995ರಲ್ಲಿ 8.4 ವರ್ಷವಿತ್ತು, 2024ರ ಹೊತ್ತಿಗೆ ಕಾರು, ಪಿಕಪ್ ಎಲ್ಲ ಸೇರಿ ಅದು 12.6ಕ್ಕೆ ಏರಿದೆ. ಹೊಸ ಕಾರಿನ ಬೆಲೆ ಏರಿದ್ದೂ ಇದಕ್ಕೆ ಕಾರಣವೇ. ಆದರೆ ಬಾಳಿಕೆ ಬಾರದ ಗಾಡಿಯನ್ನು ಯಾರೂ ಹನ್ನೆರಡು ವರ್ಷ ಇಟ್ಟುಕೊಳ್ಳುವುದಿಲ್ಲ. ಅಲ್ಲಿಯವರೆಗೆ ಹೋಗುವುದೂ ಬೇಡ. ನಮ್ಮಲ್ಲಿ ಮೂರು ಲಕ್ಷ ಕಿಲೋಮೀಟರ್ ದಾಟಿದ ಇನ್ನೋವಾ ಟ್ಯಾಕ್ಸಿ ಅಪರೂಪದ ವಸ್ತುವಲ್ಲ. ಚಾಲಕರನ್ನು ಕೇಳಿದರೆ ಅವರೇ ಮೀಟರ್ ತೋರಿಸುತ್ತಾರೆ.

ಹಾಗಾದರೆ ಬಲಹೀನತೆ ಎಲ್ಲಿ?

ಈಗಿನ ಕಾರಿನಲ್ಲಿ ಕೆಡುವುದು ಹೆಚ್ಚಾಗಿ ಎಂಜಿನ್ನಿನ ಒಡಲಲ್ಲ, ಅದರ ಸುತ್ತ ಕೂರಿಸಿದ ಸಾಧನಗಳು. ಟರ್ಬೊ, ಸೆನ್ಸರ್, ಹೊಗೆ ಶುದ್ಧೀಕರಿಸುವ ಫಿಲ್ಟರ್, ಆಟೊಮ್ಯಾಟಿಕ್ ಗೇರ್‌ಬಾಕ್ಸಿನ ಕ್ಲಚ್, ಪರದೆ. ಜೆ.ಡಿ. ಪವರ್ ಸಂಸ್ಥೆ 2024ರಲ್ಲಿ ಅಮೆರಿಕದಲ್ಲಿ ಮೂರು ವರ್ಷ ಹಳೆಯ ಕಾರುಗಳ ಮಾಲೀಕರನ್ನು ಕೇಳಿದಾಗ 100 ಕಾರಿಗೆ ಸರಾಸರಿ 190 ದೂರು ಬಂದವು. ಎಲ್ಲಕ್ಕಿಂತ ಹೆಚ್ಚು ದೂರು ಹಾಡು, ನಕ್ಷೆ, ಫೋನ್ ಜೋಡಿಸುವ ಇನ್ಫೊಟೈನ್‌ಮೆಂಟ್ ವ್ಯವಸ್ಥೆಯ ಮೇಲೆ. ಅಂದರೆ ಗಾಡಿ ಓಡುತ್ತಲೇ ಇರುತ್ತದೆ, ಮಾಲೀಕರಿಗೆ ಸಮಾಧಾನವಿಲ್ಲ.

ಇನ್ನೊಂದು ನಿಜವಾದ ನಷ್ಟವಿದೆ. ಹಿಂದೆ ಹೆಡ್‌ಲೈಟಿನ ಬಲ್ಬು ಹೋದರೆ ಬಲ್ಬು ಹಾಕುತ್ತಿದ್ದರು. ಈಗಿನ ಹಲವು ಎಲ್‌ಇಡಿ ದೀಪಗಳಲ್ಲಿ ಇಡೀ ದೀಪವನ್ನೇ ಬದಲಿಸಬೇಕು. ಬಿಡಿಭಾಗ ಸಿಗುವುದು ಕಂಪನಿಯ ಭವಿಷ್ಯಕ್ಕೆ ಗಂಟು ಬಿದ್ದಿದೆ. ಷೆವ್ರೊಲೆ ಕಾರುಗಳ ಮಾರಾಟ ಭಾರತದಲ್ಲಿ 2017ರ ಕೊನೆಗೆ ನಿಂತಿತು. ಫೋರ್ಡ್ ಇಲ್ಲಿನ ಮಾರುಕಟ್ಟೆಗೆ ಕಾರು ತಯಾರಿಸುವುದನ್ನು ನಿಲ್ಲಿಸುವುದಾಗಿ 2021ರಲ್ಲಿ ಪ್ರಕಟಿಸಿತು. ಕಾರು ಹದಿನೈದು ವರ್ಷ ಬಾಳಬೇಕೆಂದರೆ ಅದರ ಬಿಡಿಭಾಗವೂ ಹದಿನೈದು ವರ್ಷ ಸಿಗಬೇಕು. ಕೊಳ್ಳುವಾಗ ಮೈಲೇಜ್ ಕೇಳುವಷ್ಟೇ ಗಂಭೀರವಾಗಿ ಇದನ್ನೂ ವಿಚಾರಿಸಿ.

ಬದಲಿಸಿಕೊಳ್ಳಬೇಕಾದ ಅಭ್ಯಾಸಗಳು

1. ನಿಲ್ಲಿಸಿ ಕಾಯಿಸುವುದನ್ನು ಬಿಡಿ. ಹತ್ತು ನಿಮಿಷ ಐಡಲಿನಲ್ಲಿ ಓಡಿಸಿ ಎಂಜಿನ್ ಕಾಯಿಸುವುದು ಕಾರ್ಬ್ಯುರೇಟರ್ ಕಾಲದ ಅಗತ್ಯ. ಈಗ ಸ್ಟಾರ್ಟ್ ಮಾಡಿ ಅರ್ಧ ನಿಮಿಷದಲ್ಲಿ ಹೊರಡಬಹುದು. ಆದರೆ ಮೊದಲ ಮೂರು ನಾಲ್ಕು ಕಿಲೋಮೀಟರ್ ಮೆಲ್ಲಗೆ ಓಡಿಸಿ. ಟರ್ಬೊ ಇರುವ ಕಾರಾದರೆ ಕೊನೆಯಲ್ಲೂ ಗಮನ ಬೇಕು. ಟರ್ಬೊದೊಳಗಿನ ಚಕ್ರ ನಿಮಿಷಕ್ಕೆ ಒಂದು ಲಕ್ಷಕ್ಕೂ ಹೆಚ್ಚು ಸುತ್ತು ತಿರುಗುತ್ತದೆ, ಅದನ್ನು ತಣ್ಣಗಿಡುವುದು ಎಣ್ಣೆ. ಘಾಟಿ ಹತ್ತಿದ ಕೂಡಲೇ, ಹೆದ್ದಾರಿಯಲ್ಲಿ ಬಿರುಸಾಗಿ ಬಂದ ಕೂಡಲೇ ಎಂಜಿನ್ ಆರಿಸಿದರೆ ಎಣ್ಣೆಯ ಹರಿವು ನಿಂತು, ಅಲ್ಲಿದ್ದ ಎಣ್ಣೆ ಸುಟ್ಟು ಕರಿ ಕಟ್ಟುತ್ತದೆ. ಒಂದು ನಿಮಿಷ ಐಡಲಿನಲ್ಲಿ ಬಿಟ್ಟು ಆಮೇಲೆ ಆರಿಸಿ.

2. ಎಣ್ಣೆಯ ಗ್ರೇಡ್ ಕೈಪಿಡಿ ಹೇಳಲಿ, ಅಂಗಡಿಯವರಲ್ಲ. ಹಳೆಯ ಎಂಜಿನ್ನಿನಲ್ಲಿ ಭಾಗಗಳ ನಡುವಿನ ಸಂದು ದೊಡ್ಡದು. ದಪ್ಪನೆಯ 20ಡಬ್ಲ್ಯು-50 ಎಣ್ಣೆ ಅದಕ್ಕೆ ಹೊಂದುತ್ತಿತ್ತು. ಈಗಿನ ಎಷ್ಟೋ ಪೆಟ್ರೋಲ್ ಕಾರುಗಳು ಕೇಳುವುದು ನೀರಿನಂತೆ ತೆಳುವಾದ 0ಡಬ್ಲ್ಯು-20ಯನ್ನು. “ದಪ್ಪ ಎಣ್ಣೆ ಹಾಕಿದ್ರೆ ಎಂಜಿನ್‌ಗೆ ಒಳ್ಳೇದು” ಎಂಬ ಸಲಹೆ ಇನ್ನೂ ಗ್ಯಾರೇಜುಗಳಲ್ಲಿ ಕೇಳಿಸುತ್ತದೆ. ದಪ್ಪ ಎಣ್ಣೆ ಸಣ್ಣ ಸಂದುಗಳಿಗೆ ಬೇಗ ತಲುಪುವುದಿಲ್ಲ. ಬೆಳಗಿನ ಮೊದಲ ಕೆಲವು ಸೆಕೆಂಡು ಭಾಗಗಳು ಒಣಗಿ ತಿರುಗುತ್ತವೆ. ಬಿಎಸ್-6 ಮಾಲಿನ್ಯ ನಿಯಮದ ಡೀಸೆಲ್ ಕಾರಿಗೆ ಕಡಿಮೆ ಬೂದಿ ಉಳಿಸುವ ವಿಶೇಷ ಎಣ್ಣೆಯೇ ಬೇಕು, ಇಲ್ಲದಿದ್ದರೆ ಬೂದಿ ಹೋಗಿ ಹೊಗೆ ಶುದ್ಧೀಕರಿಸುವ ಫಿಲ್ಟರಿನಲ್ಲಿ ಕೂರುತ್ತದೆ.

ಗಡುವಿನ ಬಗ್ಗೆಯೂ ಒಂದು ಮಾತು. ಕೈಪಿಡಿಯಲ್ಲಿ ‘10,000 ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಅದು’ ಎಂದಿರುತ್ತದೆ. ವರ್ಷಕ್ಕೆ ನಾಲ್ಕೇ ಸಾವಿರ ಓಡಿದ ಕಾರಿಗೂ ವರ್ಷವಾದ ಮೇಲೆ ಎಣ್ಣೆ ಬದಲಿಸಲೇಬೇಕು. ಬೆಂಗಳೂರಿನ ಸಿಲ್ಕ್ ಬೋರ್ಡ್ ಸಿಗ್ನಲ್ಲಿನಲ್ಲಿ ನಿಂತಾಗ ಮೀಟರ್ ಓಡುವುದಿಲ್ಲ, ಎಂಜಿನ್ ಓಡುತ್ತಲೇ ಇರುತ್ತದೆ.

3. ರೇಡಿಯೇಟರಿಗೆ ನಲ್ಲಿ ನೀರು ಬೇಡ. ಅಭ್ಯಾಸದೋಷದಿಂದ ಎಂಜಿನ್ನುಗಳು ಬಹಳ ಸಲ ಸಾಯುವುದು ಇಲ್ಲಿ. ಅಂಬಾಸಿಡರಿನ ಮೊದಲಿನ ಎಂಜಿನ್ನಿನಲ್ಲಿ ಬ್ಲಾಕು, ಹೆಡ್ಡು ಎರಡೂ ಬೀಡುಕಬ್ಬಿಣ. ಕುದಿದರೆ ಬದಿಗೆ ನಿಲ್ಲಿಸಿ, ತಣಿಸಿ, ನೀರು ಹೊಯ್ದುಕೊಂಡು ಹೋದರೆ ಬಹಳ ಸಲ ಏನೂ ಆಗುತ್ತಿರಲಿಲ್ಲ. ಈಗಿನ ಹೆಡ್ಡು ಅಲ್ಯೂಮಿನಿಯಂ. ಒಂದೇ ಸಲ ಜೋರಾಗಿ ಬಿಸಿಯಾದರೂ ಸೊಟ್ಟಗಾಗುತ್ತದೆ, ಗ್ಯಾಸ್ಕೆಟ್ ಸುಡುತ್ತದೆ, ಎಣ್ಣೆಗೆ ನೀರು ಸೇರುತ್ತದೆ. ಬೋರ್‌ವೆಲ್ ನೀರಿನ ಸುಣ್ಣದಂಶ ಸಣ್ಣ ನಾಳಗಳಲ್ಲಿ ಕಲ್ಲು ಕಟ್ಟುತ್ತದೆ. ಕೈಪಿಡಿ ಹೇಳಿದ ಕೂಲಂಟನ್ನೇ ಬಳಸಿ; ಬೇರೆ ಬೇರೆ ಬಗೆಯದನ್ನು ಬೆರೆಸಬೇಡಿ.

ಈಗಿನ ಹಲವು ಕಾರುಗಳಲ್ಲಿ ಬಿಸಿ ತೋರಿಸುವ ಮುಳ್ಳೇ ಇಲ್ಲ, ನೀಲಿ ಮತ್ತು ಕೆಂಪು ದೀಪ ಮಾತ್ರ. ಕೆಂಪು ಹತ್ತಿದರೆ ‘ಇನ್ನೊಂದು ಕಿಲೋಮೀಟರ್, ಪೆಟ್ರೋಲ್ ಬಂಕ್ ಬರುತ್ತೆ’ ಎಂಬ ಯೋಚನೆ ಬೇಡ. ಅಲ್ಲೇ ಬದಿಗೆ ನಿಲ್ಲಿಸಿ ಎಂಜಿನ್ ಆರಿಸಿ. ಬಿಸಿಯಿರುವಾಗ ಮುಚ್ಚಳ ತೆರೆಯಬೇಡಿ. ಒತ್ತಡದಲ್ಲಿರುವ ಬಿಸಿನೀರು ಮುಖಕ್ಕೆ ಚಿಮ್ಮುತ್ತದೆ. ಟೋ ಮಾಡಿಸುವ ಖರ್ಚು ಹೆಡ್ ರಿಪೇರಿಯ ಮುಂದೆ ಏನೂ ಅಲ್ಲ.

4. ಡೀಸೆಲ್ ಕಾರನ್ನು ವಾರಕ್ಕೊಮ್ಮೆಯಾದರೂ ಓಡಲು ಬಿಡಿ. ಆರಂಭದಲ್ಲಿ ಹೇಳಿದ ಎಸ್‌ಯುವಿಯ ರೋಗದ ಹೆಸರು ಡಿಪಿಎಫ್. 2020ರ ಏಪ್ರಿಲ್ 1ರಿಂದ ಬಿಎಸ್-6 ಜಾರಿಯಾದ ಮೇಲೆ ಡೀಸೆಲ್ ಕಾರುಗಳ ಹೊಗೆಕೊಳವೆಯಲ್ಲಿ ಡಿಪಿಎಫ್ ಎಂಬ, ಮಸಿ ಹಿಡಿಯುವ ಫಿಲ್ಟರ್ ಇರುತ್ತದೆ. ಅದು ತುಂಬಿದಾಗ ಕಾರು ತಾನೇ ಹೆಚ್ಚು ಇಂಧನ ಬಿಟ್ಟು, ಫಿಲ್ಟರನ್ನು ಸುಮಾರು 600 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ಮಸಿಯನ್ನು ಸುಟ್ಟುಹಾಕುತ್ತದೆ. ಒಲೆಯಲ್ಲಿ ಬೂದಿ ತೆಗೆಯುವ ಹಾಗೆ ಇದೊಂದು ನಿತ್ಯದ ಕೆಲಸ. ಆದರೆ ಅಷ್ಟು ಬಿಸಿ ಹುಟ್ಟಲು ಕಾರು ಒಂದೇ ವೇಗದಲ್ಲಿ ಸ್ವಲ್ಪ ಹೊತ್ತು ಓಡಬೇಕು. ಮೂರು ಕಿಲೋಮೀಟರಿನ ಶಾಲೆಯ ಓಟದಲ್ಲಿ ಅದು ಶುರುವಾಗುವುದೇ ಇಲ್ಲ. ಶುರುವಾದರೂ ಮುಗಿಯುವ ಮೊದಲೇ ಎಂಜಿನ್ ಆರಿಸಲಾಗುತ್ತದೆ. ಸುಡಲೆಂದು ಬಿಟ್ಟ ಡೀಸೆಲ್ ಸುಡದೆ ಜಾರಿ ಎಂಜಿನ್ ಎಣ್ಣೆಗೆ ಸೇರುತ್ತದೆ. ಡಿಪ್‌ಸ್ಟಿಕ್ಕಿನಲ್ಲಿ ಎಣ್ಣೆಯ ಮಟ್ಟ ಇಳಿಯುವ ಬದಲು ಏರಿದ್ದರೆ ಅದೇ ಇದರ ಗುರುತು. ಹಾಗೆ ಕಂಡರೆ ತಡಮಾಡದೆ ಎಣ್ಣೆ ಬದಲಿಸಿ.

ಪರಿಹಾರ ಕಷ್ಟದ್ದಲ್ಲ. ವಾರಕ್ಕೊಮ್ಮೆ ತುಮಕೂರು ರಸ್ತೆಯಂಥ ಹೆದ್ದಾರಿಯಲ್ಲಿ ಇಪ್ಪತ್ತು ಮೂವತ್ತು ನಿಮಿಷ, 2,000 ಆರ್‌ಪಿಎಂ ಆಸುಪಾಸಿನಲ್ಲಿ, ಒಂದೇ ಸಮನೆ ಓಡಿಸಿ. ಮನೆಗೆ ಬಂದು ನಿಲ್ಲಿಸಿದಾಗ ಐಡಲ್ ಎಂದಿಗಿಂತ ಮೇಲಿದ್ದು, ಫ್ಯಾನ್ ಜೋರಾಗಿ ತಿರುಗುತ್ತಿದ್ದರೆ ಸುಡುವ ಕೆಲಸ ನಡೆಯುತ್ತಿದೆ ಎಂದರ್ಥ. ಆರಿಸಬೇಡಿ, ಇನ್ನೊಂದು ಸುತ್ತು ಹೋಗಿ ಬನ್ನಿ. ಆ ಹೊತ್ತಿನಲ್ಲಿ ಒಣಹುಲ್ಲಿನ ಮೇಲೆ ಕಾರು ನಿಲ್ಲಿಸುವುದೂ ಅಪಾಯ. ದೀಪ ಹತ್ತಿದ ಮೊದಲ ದಿನವೇ ಹೀಗೆ ಓಡಿಸಿದರೆ ಬಹಳ ಸಲ ತಾನೇ ಆರುತ್ತದೆ. ವಾರ ಬಿಟ್ಟರೆ ಸರ್ವಿಸ್ ಸೆಂಟರಿನಲ್ಲಿ ಕಂಪ್ಯೂಟರ್ ಜೋಡಿಸಿ ಸುಡಿಸಬೇಕು, ಅದೂ ಆಗದಿದ್ದರೆ ಫಿಲ್ಟರೇ ಬದಲು. ಫಿಲ್ಟರ್ ತೆಗೆಸಿಬಿಡಿ ಎನ್ನುವವರಿದ್ದಾರೆ. ಅದು ಕಾನೂನಿಗೆ ವಿರುದ್ಧ, ನೆರೆಮನೆಯ ಮಗುವಿನ ಶ್ವಾಸಕೋಶಕ್ಕೂ ವಿರುದ್ಧ. ನಿಮ್ಮ ಓಡಾಟ ಬರೀ ಊರೊಳಗಿನದ್ದಾಗಿದ್ದರೆ ಡೀಸೆಲ್ ಕೊಳ್ಳಬೇಡಿ, ಅಷ್ಟೇ.

5. ಆಟೊಮ್ಯಾಟಿಕ್ ಕಾರನ್ನು ಏರಿನಲ್ಲಿ ಆಕ್ಸಿಲರೇಟರಿನಿಂದ ಹಿಡಿದು ನಿಲ್ಲಿಸಬೇಡಿ. ಎಎಂಟಿ ಮತ್ತು ಒಣ ಕ್ಲಚ್ಚಿನ ಡಿಸಿಟಿ ಬಗೆಯ ಆಟೊಮ್ಯಾಟಿಕ್ ಕಾರುಗಳಲ್ಲಿ ಒಳಗಿರುವುದು ಮ್ಯಾನುಯಲ್ ಕಾರಿನಂಥದೇ ಕ್ಲಚ್. ಬ್ರೇಕ್ ಬಿಟ್ಟು ಆಕ್ಸಿಲರೇಟರಿನಲ್ಲಿ ಗಾಡಿ ಹಿಡಿದರೆ ಅದು ಜಾರುತ್ತ ಸುಡುತ್ತದೆ. ಟ್ರಾಫಿಕ್ಕಿನಲ್ಲಿ ಇಂಚಿಂಚು ಸರಿಯುವ ಬದಲು ಮುಂದಿನ ಗಾಡಿ ಒಂದೆರಡು ಮಾರು ಹೋಗಲು ಬಿಟ್ಟು ಆಮೇಲೆ ಹೊರಡಿ.

6. ತಳ್ಳಿ ಸ್ಟಾರ್ಟ್ ಮಾಡುವ ಕಾಲ ಮುಗಿಯಿತು. ಆಟೊಮ್ಯಾಟಿಕ್ ಕಾರು ತಳ್ಳಿದರೆ ಸ್ಟಾರ್ಟ್ ಆಗುವುದೇ ಇಲ್ಲ. ಮ್ಯಾನುಯಲ್ ಆದರೂ ಸುಡದ ಪೆಟ್ರೋಲ್ ಹೊಗೆಕೊಳವೆಯ ಕ್ಯಾಟಲಿಟಿಕ್ ಕನ್ವರ್ಟರಿಗೆ ಹೋಗಿ ಅದನ್ನು ಹಾಳುಮಾಡಬಹುದು. ಜಂಪರ್ ಕೇಬಲ್ ಇಟ್ಟುಕೊಳ್ಳಿ. ಕೆಂಪನ್ನು ಎರಡೂ ಬ್ಯಾಟರಿಗಳ ಪ್ಲಸ್ಸಿಗೆ ಜೋಡಿಸಿ. ಕಪ್ಪನ್ನು ಒಳ್ಳೆಯ ಬ್ಯಾಟರಿಯ ಮೈನಸ್ಸಿಗೆ ಹಾಕಿ, ಅದರ ಇನ್ನೊಂದು ತುದಿಯನ್ನು ಕೆಟ್ಟ ಕಾರಿನ ಎಂಜಿನ್ನಿನ ಬರಿಯ ಲೋಹಕ್ಕೆ ಹಾಕಿ. ಬ್ಯಾಟರಿ ಸೊರಗಿದಾಗ ಕಂಪ್ಯೂಟರುಗಳು ತಬ್ಬಿಬ್ಬಾಗಿ ಸಂಬಂಧವೇ ಇಲ್ಲದ ನಾಲ್ಕಾರು ದೀಪ ಒಟ್ಟಿಗೆ ಹತ್ತುವುದುಂಟು. ದೊಡ್ಡ ರಿಪೇರಿಗೆ ಒಪ್ಪುವ ಮೊದಲು ಬ್ಯಾಟರಿ ಪರೀಕ್ಷೆ ಮಾಡಿಸಿ.

7. ಇಲಿಯನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ಮಲೆನಾಡಿನಲ್ಲಿ, ತೋಟದ ಮನೆಗಳಲ್ಲಿ, ನಗರದ ಬೇಸ್‌ಮೆಂಟುಗಳಲ್ಲಿ ಹೊಸ ಕಾರಿನ ದೊಡ್ಡ ಶತ್ರು ಇದು. ಹಳೆಯ ಕಾರಿನಲ್ಲಿ ಬೆರಳೆಣಿಕೆಯ ವೈರು, ಕಡಿದದ್ದನ್ನು ಎಲೆಕ್ಟ್ರಿಷಿಯನ್ ಅರ್ಧ ಗಂಟೆಯಲ್ಲಿ ಸೇರಿಸುತ್ತಿದ್ದರು. ಈಗ ಒಂದು ತೆಳು ವೈರು ಕಡಿದರೂ ಕಾರು ಸ್ಟಾರ್ಟ್ ಆಗದೆ ಇರಬಹುದು. ವಾರಗಟ್ಟಲೆ ನಿಲ್ಲಿಸಬೇಡಿ, ಕಾರಿನೊಳಗೆ ತಿಂಡಿ ಬಿಡಬೇಡಿ, ಬಾನೆಟ್ ಎತ್ತಿ ಹಿಕ್ಕೆ, ಒಣಎಲೆ ಇದೆಯೇ ನೋಡಿ, ಕೆಳಗಿನ ಸಂದುಗಳಿಗೆ ತಂತಿ ಜಾಲರಿ ಹಾಕಿಸಿ.

8. ಕರಾವಳಿಯವರು ಮಳೆಗಾಲ ಮುಗಿದ ಮೇಲೆ ಕಾರಿನ ಅಡಿಭಾಗವನ್ನು ಸಿಹಿನೀರಿನಲ್ಲಿ ತೊಳೆಸಿ. ಬಾಗಿಲುಗಳ ಕೆಳಅಂಚಿನಲ್ಲಿ ನೀರು ಹೋಗಲು ಸಣ್ಣ ತೂತುಗಳಿರುತ್ತವೆ. ಅವು ಮಣ್ಣಿನಿಂದ ಮುಚ್ಚಿದರೆ ಸತುವಿನ ಲೇಪವೂ ಹೆಚ್ಚು ದಿನ ಕಾಯದು. ಕಡ್ಡಿಯೊಂದರಲ್ಲಿ ಬಿಡಿಸಿದರೆ ಸಾಕು.

ದೀಪದ ಬಣ್ಣ ಓದುವುದು

ಕೆಂಪು ಎಂದರೆ ಈಗಲೇ ನಿಲ್ಲಿಸಿ: ಎಣ್ಣೆಯ ಒತ್ತಡ, ಬಿಸಿ, ಬ್ರೇಕು. ಹಳದಿ ಎಂದರೆ ಓಡಿಸಬಹುದು, ಆದರೆ ಒಂದೆರಡು ದಿನದಲ್ಲಿ ತೋರಿಸಿ. ಚೆಕ್ ಎಂಜಿನ್ ದೀಪ ಮಿನುಗುತ್ತಿದ್ದರೆ ಅದು ಹಳದಿಯಾದರೂ ತುರ್ತು. ಸಿಲಿಂಡರೊಂದು ಸರಿಯಾಗಿ ಉರಿಯುತ್ತಿಲ್ಲ, ಸುಡದ ಪೆಟ್ರೋಲ್ ಕನ್ವರ್ಟರನ್ನು ಕರಗಿಸುವಷ್ಟು ಕಾಯಿಸುತ್ತಿದೆ. ವೇಗ ತಗ್ಗಿಸಿ, ಆದಷ್ಟು ಬೇಗ ನಿಲ್ಲಿಸಿ.

ಸ್ಟೇರಿಂಗಿನ ಕೆಳಗಿರುವ ಓಬಿಡಿ ಸಾಕೆಟ್ಟಿಗೆ ಸಿಕ್ಕಿಸುವ ಸಣ್ಣ ಸ್ಕ್ಯಾನರ್ ಈಗ ಸುಲಭವಾಗಿ ಸಿಗುತ್ತದೆ. ಫೋನಿನಲ್ಲೇ ದೋಷದ ಕೋಡ್ ಓದಬಹುದು. ಗ್ಯಾರೇಜಿಗೆ ಹೋಗುವ ಮೊದಲು ಕೋಡ್ ಬರೆದಿಟ್ಟುಕೊಂಡರೆ ಮಾತುಕತೆ ನಿಖರವಾಗುತ್ತದೆ. ಆದರೆ ಕೋಡ್ ತೋರಿಸುವುದು ರೋಗದ ಲಕ್ಷಣವನ್ನು. ‘ಆಕ್ಸಿಜನ್ ಸೆನ್ಸರ್’ ಎಂದು ಬಂದ ಮಾತ್ರಕ್ಕೆ ಸೆನ್ಸರ್ ಕೆಟ್ಟಿರಬೇಕೆಂದಿಲ್ಲ. ಸೀಳಿದ ರಬ್ಬರ್ ಪೈಪೂ ಅದೇ ಕೋಡ್ ತರಿಸಬಹುದು.

ಹೆಚ್ಚಾಗಿ ಆಗುವ ತಪ್ಪುಗಳು

ದೀಪ ಆರಿಸಿಬಿಟ್ಟರೆ ರಿಪೇರಿಯಾಯಿತು ಎಂದುಕೊಳ್ಳುವುದು ಮೊದಲನೆಯದು. ಕೋಡ್ ಅಳಿಸಿದರೆ ದೀಪ ಆರುತ್ತದೆ, ದೋಷ ಉಳಿಯುತ್ತದೆ.

ಹೊರಗಿನ ಅಂಗಡಿಯಲ್ಲಿ ವೈರ್ ಕತ್ತರಿಸಿ ಹಾರ್ನು, ಫಾಗ್ ಲೈಟು ಜೋಡಿಸುವುದು ಎರಡನೆಯದು. ವಾರಂಟಿ ಹೋಗುವ ಮಾತು ಹಾಗಿರಲಿ, ಬೆಂಕಿ ಹತ್ತಿಕೊಳ್ಳುವ ಅಪಾಯವೂ ಇದೆ. ಕತ್ತರಿಸದೆ ಸಿಕ್ಕಿಸುವ ಕಪ್ಲರ್ ಇಲ್ಲದ ಯಾವ ಸಾಮಾನನ್ನೂ ಹಾಕಿಸಬೇಡಿ.

ಬಾನೆಟ್ ಎತ್ತಿ ಪ್ರೆಷರ್ ನೀರಿನಲ್ಲಿ ಎಂಜಿನ್ ತೊಳೆಸುವುದು ಇನ್ನೊಂದು. ಪೊರಕೆಯಲ್ಲೂ ತೊಳೆಯಬಹುದಾಗಿದ್ದ ಪದ್ಮಿನಿಯಲ್ಲ ಇದು. ಕನೆಕ್ಟರುಗಳ ಒಳಗೆ ನೀರು ಹೋದರೆ ತಿಂಗಳ ನಂತರ ಹಸಿರು ಕಿಲುಬು ಹಿಡಿಯುತ್ತದೆ. ಒದ್ದೆ ಬಟ್ಟೆಯಲ್ಲಿ ಒರೆಸಿದರೆ ಸಾಕು.

ಟೈಮಿಂಗ್ ಬೆಲ್ಟ್ ಮರೆಯುವುದು ಎಲ್ಲಕ್ಕಿಂತ ದುಬಾರಿ ತಪ್ಪು. ನಿಮ್ಮ ಕಾರಿನಲ್ಲಿರುವುದು ಬೆಲ್ಟೋ ಚೈನೋ ಎಂದು ಇವತ್ತೇ ಕೈಪಿಡಿಯಲ್ಲಿ ನೋಡಿ. ಬೆಲ್ಟ್ ಆದರೆ ಅದಕ್ಕೊಂದು ಗಡುವಿದೆ. ಅದು ಮುನ್ಸೂಚನೆ ಕೊಡದೆ ತುಂಡಾಗುತ್ತದೆ. ತುಂಡಾದ ಕ್ಷಣ ಬಹುತೇಕ ಎಂಜಿನ್ನುಗಳಲ್ಲಿ ಪಿಸ್ಟನ್ ಹೋಗಿ ವಾಲ್ವಿಗೆ ಬಡಿಯುತ್ತದೆ.

ಸೆಕೆಂಡ್ ಹ್ಯಾಂಡ್ ಕೊಳ್ಳುವವರಿಗೆ

ಕಿಲೋಮೀಟರ್ ಅಂಕಿಯನ್ನು ನಂಬಿ ಕೊಳ್ಳಬೇಡಿ, ಸರ್ವಿಸ್ ದಾಖಲೆಯನ್ನು ನಂಬಿ. ತಪ್ಪದೆ ಸರ್ವಿಸ್ ಆದ, ಹೆದ್ದಾರಿಯಲ್ಲಿ ಓಡಿದ ಒಂದು ಲಕ್ಷದ ಕಾರು, ನಿಂತಲ್ಲೇ ನಿಂತು ನಲವತ್ತು ಸಾವಿರ ಓಡಿದ ಕಾರಿಗಿಂತ ಒಳ್ಳೆಯದಿರುತ್ತದೆ. ಬೆಳಿಗ್ಗೆ, ಎಂಜಿನ್ ತಣ್ಣಗಿರುವಾಗ ಹೋಗಿ. ಮಾರುವವರು ಮೊದಲೇ ಸ್ಟಾರ್ಟ್ ಮಾಡಿ ಕಾಯಿಸಿಟ್ಟಿದ್ದರೆ ಇನ್ನೊಂದು ದಿನ ಬರುತ್ತೇನೆ ಎನ್ನಿ. ಸ್ಕ್ಯಾನರ್ ಹಾಕಿ ನೋಡಿ. ಎಲ್ಲ ಕೋಡುಗಳೂ ಹಿಂದಿನ ದಿನವಷ್ಟೇ ಅಳಿಸಿದಂತಿದ್ದರೆ ಕಾರಣ ಕೇಳಿ.

ನೀರಿನಲ್ಲಿ ಮುಳುಗಿದ ಕಾರನ್ನು ಮಾತ್ರ ಯಾವ ಬೆಲೆಗೂ ಕೊಳ್ಳಬೇಡಿ. 2015ರ ಡಿಸೆಂಬರಿನ ಚೆನ್ನೈ ನೆರೆ, 2022ರ ಸೆಪ್ಟೆಂಬರಿನಲ್ಲಿ ಬೆಂಗಳೂರಿನ ಹೊರವರ್ತುಲ ರಸ್ತೆಯ ಸುತ್ತಮುತ್ತಲಿನ ನೆರೆ, ಇಂಥ ಪ್ರತಿ ಘಟನೆಯ ನಂತರ ಅಂಥ ಕಾರುಗಳು ತೊಳೆದು ಹೊಳೆಯಿಸಿಕೊಂಡು ದೂರದ ಊರುಗಳ ಮಾರುಕಟ್ಟೆ ಸೇರುವ ಅಪಾಯವಿದೆ. ಅವನ್ನು ಪತ್ತೆಹಚ್ಚಲು ಸುಲಭದ ದಾರಿಯೊಂದಿದೆ. ಸೀಟ್ ಬೆಲ್ಟನ್ನು ಕೊನೆಯವರೆಗೂ ಪೂರ್ತಿ ಎಳೆಯಿರಿ. ದಿನವೂ ಹೊರಬರುವ ಭಾಗ ಸ್ವಚ್ಛವಿದ್ದು, ಸುರುಳಿಯ ಒಳಭಾಗದಲ್ಲಿ ಮಣ್ಣಿನ ಬಣ್ಣದ ಗೆರೆಯೊಂದು ಅಡ್ಡಲಾಗಿ ಕಂಡರೆ, ನೀರು ಅಲ್ಲಿಯವರೆಗೆ ನಿಂತಿತ್ತು. ಸ್ಟೆಪ್ನಿ ಎತ್ತಿ ಅದರ ಕೆಳಗೆ ಬೆರಳಾಡಿಸಿ, ನುಣ್ಣನೆಯ ಕೆಸರಿನ ಪುಡಿ ಸಿಕ್ಕರೆ ಅದೂ ಅದೇ ಕತೆ. ಹಳೆಯ ಕಾರು ಮುಳುಗಿದರೆ ಒಣಗಿಸಿ ಓಡಿಸಬಹುದಿತ್ತು. ಈಗಿನದರಲ್ಲಿ ಕಂಪ್ಯೂಟರುಗಳು ಸೀಟಿನ ಕೆಳಗೆ, ಕಾರ್ಪೆಟ್ಟಿನ ಕೆಳಗೆ ಕೂತಿರುತ್ತವೆ. ಅವು ಒಂದೊಂದಾಗಿ, ತಿಂಗಳುಗಳ ಅಂತರದಲ್ಲಿ ಕೈಕೊಡುತ್ತವೆ.

ಹಳೆಯ ಕಾರನ್ನೇ ಉಳಿಸಿಕೊಳ್ಳುವುದಾದರೆ

ಅಪ್ಪನ ಮಾರುತಿ 800 ಶೆಡ್ಡಿನಲ್ಲಿದೆ, ಮಾರಲು ಮನಸ್ಸಿಲ್ಲ ಎನ್ನುವವರು ಬಹಳ. ಇಟ್ಟುಕೊಳ್ಳಿ, ಆದರೆ ಅದರಲ್ಲಿ ಏರ್‌ಬ್ಯಾಗ್ ಇಲ್ಲ, ಎಬಿಎಸ್ ಇಲ್ಲ ಎಂಬುದು ನೆನಪಿರಲಿ. ಊರೊಳಗಿನ ಓಡಾಟಕ್ಕೆ ಸರಿ. ಮಕ್ಕಳನ್ನು ಕೂರಿಸಿಕೊಂಡು ರಾತ್ರಿ ಹೆದ್ದಾರಿಗೆ ಇಳಿಸುವುದು ಬೇಡ.

ಈಗ ಬಂಕುಗಳಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇಕಡಾ 20ರವರೆಗೆ ಎಥನಾಲ್ ಇರುತ್ತದೆ. ಹಳೆಯ ಕಾರಿನ ರಬ್ಬರ್ ಪೈಪು, ಸೀಲುಗಳನ್ನು ಇದಕ್ಕೆಂದು ಮಾಡಿದ್ದಲ್ಲ. ಅವು ಬಿರಿಯಬಹುದು, ಮೆತ್ತಗಾಗಬಹುದು. ಇಂಧನದ ಪೈಪುಗಳನ್ನು ವರ್ಷಕ್ಕೊಮ್ಮೆ ಪರೀಕ್ಷಿಸಿ, ಹಳತಾಗಿದ್ದರೆ ಎಥನಾಲ್ ತಡೆಯುವ ಪೈಪಿಗೆ ಬದಲಿಸಿ. ಎಥನಾಲ್ ಗಾಳಿಯ ತೇವವನ್ನು ಹೀರುತ್ತದೆ, ಹಾಗಾಗಿ ತಿಂಗಳುಗಟ್ಟಲೆ ನಿಲ್ಲಿಸಿದ ಕಾರಿನ ಟ್ಯಾಂಕಿನಲ್ಲಿ ಪೆಟ್ರೋಲ್ ಹಾಗೇ ಬಿಡಬೇಡಿ. ಹದಿನೈದು ದಿನಕ್ಕೊಮ್ಮೆ ಹತ್ತು ಕಿಲೋಮೀಟರ್ ಓಡಿಸಿ.

ಹದಿನೈದು ವರ್ಷವಾದರೆ ಕಾರನ್ನು ಗುಜರಿಗೆ ಹಾಕಲೇಬೇಕು ಎಂಬ ಭಯ ಹಲವರಲ್ಲಿದೆ. ಅಂಥ ನಿರ್ಬಂಧದ ಸುದ್ದಿ ಬರುವುದು ದೆಹಲಿ ಸುತ್ತಮುತ್ತಲಿನದು. ಕರ್ನಾಟಕದಲ್ಲಿ ಖಾಸಗಿ ಕಾರನ್ನು ಆರ್‌ಟಿಒ ಕಚೇರಿಯ ಮೂಲಕ ಫಿಟ್‌ನೆಸ್ ಪರೀಕ್ಷೆಗೆ ಒಡ್ಡಿ, ಹಸಿರು ತೆರಿಗೆ ಕಟ್ಟಿ ಐದೈದು ವರ್ಷಕ್ಕೆ ಆರ್‌ಸಿ ನವೀಕರಿಸಿಕೊಳ್ಳಬಹುದು. ನವೀಕರಣದ ಶುಲ್ಕ 2022ರ ಏಪ್ರಿಲಿನಲ್ಲಿ 600ರಿಂದ 5,000 ರೂಪಾಯಿಗೆ ಏರಿತು. 2025ರಲ್ಲಿ 20 ವರ್ಷ ದಾಟಿದ ಕಾರುಗಳಿಗೆ 10,000 ಆಯಿತು. ಅವಧಿ ಮುಗಿಯುವ 60 ದಿನ ಮೊದಲಿನಿಂದ ಅರ್ಜಿ ಹಾಕಬಹುದು. ಪರೀಕ್ಷೆಗೆ ಒಯ್ಯುವ ಮೊದಲು ಬ್ರೇಕು, ದೀಪ, ಹಾರ್ನು, ಟೈರು, ವೈಪರ್ ನೋಡಿಸಿಕೊಳ್ಳಿ, ಹೊಗೆ ತಪಾಸಣೆ ಪತ್ರ ಜೊತೆಗಿರಲಿ. ಕಾರ್ಬ್ಯುರೇಟರ್ ಬಿಚ್ಚಿ ಜೋಡಿಸಬಲ್ಲ ಮೇಸ್ತ್ರಿಗಳು ಈಗ ಕಡಿಮೆಯಾಗಿದ್ದಾರೆ. ನಿಮ್ಮೂರಿನಲ್ಲಿ ಅಂಥವರು ಒಬ್ಬರಿದ್ದರೆ ಅವರ ಫೋನ್ ನಂಬರನ್ನು ಆರ್‌ಸಿಯ ಜೊತೆಯಲ್ಲೇ ಇಟ್ಟುಕೊಳ್ಳಿ. ಬಿಡಿಭಾಗಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಗಳಲ್ಲಿ, ಶಿವಾಜಿನಗರದ ಗುಜರಿಯಲ್ಲಿ ಹುಡುಕಬಹುದು. ಹೋಗುವಾಗ ಹಳೆಯ ಭಾಗವನ್ನೂ ಕೈಯಲ್ಲಿ ಹಿಡಿದುಕೊಂಡು ಹೋಗಿ, ಅಳತೆ ಹೋಲಿಸಿ ತರುವುದಕ್ಕೆ ಅನುಕೂಲ.